ಬೆಳಗಿನ ಬಾವು

ವೈಜಯಂತಿ ಹೈಸ್ಕೂಲಿನಲ್ಲಿದ್ದಾಗ ಅವಳ ತಾಯಿ ಸುಶೀಲಮ್ಮ ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಕುಸಿದು ಬಿದ್ದು ತೀರಿಕೊಂಡರು. ಆ ಚಳಿಗಾಲವೆಲ್ಲ ಬೆಳಗಾದರೆ ಅವರ ಮುಖ ಊದಿಕೊಂಡಿರುತ್ತಿತ್ತು. ಸಂಜೆಯ ಹೊತ್ತಿಗೆ ಬಾವು ಕಾಲಿಗಿಳಿಯುತ್ತಿತ್ತು. "ದಿಲ್ಲಿ ನೀರು ಒಗ್ಗಿತು ಬಿಡಿ ನಿಮಗೆ, ಮೈ ತುಂಬಿಕೊಂಡಿದ್ದೀರಿ" ಎಂದು ಅಕ್ಕಪಕ್ಕದ ಕನ್ನಡದ ಹೆಂಗಸರು ಹೇಳುತ್ತಿದ್ದರು. ಸುಶೀಲಮ್ಮ ನಗುತ್ತಿದ್ದರು. ನಕ್ಕರೆ ಕಣ್ಣುಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ದಪ್ಪಗಾಗುವುದೂ ಒಂದು ಕಾಯಿಲೆ ಇರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಮುಖ ವೈಜಯಂತಿಗೆ ಮತ್ತೆ ಕಂಡದ್ದು ನಡುವಯಸ್ಸು ದಾಟುವಾಗ, ದಿಲ್ಲಿಯ ರೋಹಿಣಿ ಬಡಾವಣೆಯ ತನ್ನ ಫ್ಲ್ಯಾಟಿನ ಬಚ್ಚಲುಮನೆಯಲ್ಲಿ. ಆಗ ಅವಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅನುವಾದಕಿ. ಕೆಲವು ವಾರಗಳಿಂದ ಬಳೆ ಬಿಗಿಯಾಗುತ್ತಿತ್ತು, ಮೆಟ್ಟಿಲು ಹತ್ತಿದರೆ ಸುಸ್ತು. ಅಂದು ಹಲ್ಲುಜ್ಜಿ ತಲೆಯೆತ್ತಿದರೆ ಕನ್ನಡಿಯಲ್ಲಿ ಅಮ್ಮ ಇದ್ದರು. ಅದೇ ಮುಚ್ಚಿದಂಥ ಕಣ್ಣು, ಅದೇ ನುಣುಪು ಕೆನ್ನೆ. ಚೀರಿದ್ದು ಕೇಳಿ ಗಂಡ ಚಂದ್ರಮೋಹನ ಓಡಿ ಬಂದ.

"ಏನಾಯ್ತೇ?"

"ಅಮ್ಮ ಬಂದಿದ್ದಾಳೆ ರೀ."

ಅವನು ಕನ್ನಡಿ ನೋಡಲಿಲ್ಲ, ಅವಳನ್ನು ನೋಡಿದ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಮೂತ್ರಪಿಂಡದ ಜರಡಿ ಹಾಳಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದೆ. ರಕ್ತದಲ್ಲಿ ಅದು ಕಡಿಮೆಯಾದ್ದರಿಂದ ನೀರು ನಾಳದೊಳಗೆ ನಿಲ್ಲದೆ ಮೈಗಿಳಿಯುತ್ತಿದೆ. ಪೂರ್ತಿ ಹೋಗದಿರಬಹುದು, ಆದರೆ ಹಿಡಿತದಲ್ಲಿಡಬಹುದು. ಕೊನೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಇಂಥವರಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದುಂಟು, ಇದ್ದಕ್ಕಿದ್ದಂತೆ ಉಸಿರು ಸಿಕ್ಕದಿದ್ದರೆ ಕೂಡಲೇ ಬನ್ನಿ. ವೈಜಯಂತಿಯ ಕಣ್ಣಮುಂದೆ ಆ ಅಡುಗೆಮನೆ ಬಂತು. ಅಮ್ಮ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಬಾಯಿ ತೆರೆದದ್ದು, ಮಾತು ಬಾರದೆ ಹೋದದ್ದು. ಅಮ್ಮನಿಗೂ ಇದೇ ಇತ್ತೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಉಪ್ಪಿನಕಾಯಿ, ಹಪ್ಪಳ ಬಿಟ್ಟಳು. ಸಾರಿಗೆ ಉಪ್ಪು ಹೆಸರಿಗಷ್ಟೇ. ಆಫೀಸಿನ ಗೆಳತಿ ಪ್ರೋಟೀನ್ ಪುಡಿಯ ಡಬ್ಬಿ ತಂದುಕೊಟ್ಟರೆ ಡಾಕ್ಟರು ಬೇಡವೆಂದರು: ಸೋರುವ ಕೊಡಕ್ಕೆ ಹೆಚ್ಚು ಸುರಿದರೆ ಸೋರುವುದೂ ಹೆಚ್ಚೇ, ಬೇಳೆ ಮೊಸರು ಹಿತಮಿತವಾಗಿರಲಿ. ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೂತ್ರದಲ್ಲಿ ಪ್ರೋಟೀನು ತೋರಿಸುವ ಕಾಗದದ ಪಟ್ಟಿ ಅದ್ದಬೇಕು. ಹಳದಿಯಾಗಿ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ಡಾಕ್ಟರಿಗೆ ಫೋನು. ಮಾತ್ರೆಗಳಿಂದ ಕಾಲಿನ ಬಾವು ಇಳಿಯಿತು. ಆದರೆ ಸ್ಟೆರಾಯ್ಡಿನಿಂದ ಮುಖ ಗುಂಡಗಾಯಿತು. ಕಾಯಿಲೆ ಕೊಟ್ಟ ಮುಖವನ್ನು ಮದ್ದು ಬಿಟ್ಟುಕೊಡಲಿಲ್ಲ. ಅವಳು ಕನ್ನಡಿಯ ಮೇಲೆ ಟವೆಲ್ಲು ಹಾಕಿದಳು. ಚಂದ್ರಮೋಹನ ಅದನ್ನು ತೆಗೆಯಲಿಲ್ಲ. ಬಾಲ್ಕನಿಯಲ್ಲಿ ನಿಂತು ಶೇವ್ ಮಾಡಿಕೊಳ್ಳಲು ಕಲಿತ.

ಮಾತ್ರೆ ಕಡಿಮೆಯಾಗಿ ಮುಖ ತನ್ನದಾದ ಮೇಲೂ ಭಯ ಹೋಗಲಿಲ್ಲ. ದೀಪಾವಳಿಯ ಹೊಗೆಗೆ ನೆಗಡಿಯಾದರೆ ಸಾಕು, ಪಟ್ಟಿ ಮತ್ತೆ ಹಸಿರಾಗುತ್ತಿತ್ತು. ಮೆಟ್ರೋದಲ್ಲಿ ಎದುರು ಕೂತವರ ಕಣ್ಣರೆಪ್ಪೆ, ಕಣಕಾಲು ನೋಡುವುದು ಚಟವಾಯಿತು.

ಮಗಳು ಅದಿತಿ ನೋಯ್ಡಾದಲ್ಲಿ ಕೆಲಸಕ್ಕಿದ್ದಳು, ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳು ಚಹಾಕ್ಕೆಂದು ಎದ್ದು ಬಂದಾಗ ವೈಜಯಂತಿ ಲೋಟ ಕೆಳಗಿಟ್ಟು ಅವಳ ಗಲ್ಲ ಹಿಡಿದೆತ್ತಿದಳು. ಮಗಳ ಕಣ್ಣುಗಳು ಊದಿಕೊಂಡಿದ್ದವು. ಆ ಊದಿದ ಮುಖದಲ್ಲಿ ಸುಶೀಲಮ್ಮ ವೈಜಯಂತಿಯನ್ನೇ ನೋಡುತ್ತಿದ್ದರು.

"ನಡಿ, ಲ್ಯಾಬಿಗೆ ಹೋಗೋಣ."

"ಅಮ್ಮಾ, ಪ್ಲೀಸ್! ಮುಝೆ ಕುಛ್ ನಹೀ ಹುವಾ, ಏನೂ ಆಗಿಲ್ಲ ನಂಗೆ. ನಿದ್ದೆ ಬಂದಿಲ್ಲ ಅಷ್ಟೇ."

"ನಮ್ಮಮ್ಮನೂ ಹಾಗೇ ಅಂತಿದ್ದಳು!"

ಆ ದನಿಗೆ ಬೆದರಿ ಅದಿತಿ ಚಪ್ಪಲಿ ಮೆಟ್ಟಿದಳು. ಈ ಕಾಯಿಲೆ ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಬರುವಂಥದ್ದಲ್ಲವೆಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಆಟೋದಲ್ಲಿ ಆ ಮಾತು ವೈಜಯಂತಿಯ ನೆನಪಿಗೇ ಬರಲಿಲ್ಲ.

ಸಂಜೆ ವರದಿ ಬಂತು. ಎಲ್ಲ ಸರಿಯಾಗಿತ್ತು. ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ವೈಜಯಂತಿ ಉಸಿರು ಬಿಟ್ಟಳು. ಅದಿತಿ ಅಳಲಾರಂಭಿಸಿದಳು.

"ರಾತ್ರಿಯೆಲ್ಲ ರೋ ರಹೀ ಥೀ, ಅಳ್ತಾನೇ ಇದ್ದೆ, ಅಮ್ಮಾ. ಅದಕ್ಕೇ ಕಣ್ಣು ಹೀಗಾಗಿದ್ದು. ನೀನು ನನ್ನ ಕಣ್ಣು ನೋಡ್ತೀಯ, ಕಾಲು ನೋಡ್ತೀಯ. ನನ್ನನ್ನ ನೋಡೋದೇ ಇಲ್ಲ."

ವೈಜಯಂತಿ ಮಗಳ ಕಡೆ ತಿರುಗಿ ಕೂತಳು. ಕೇಳಿದಳು: "ಯಾಕೆ ಅಳ್ತಿದ್ದೆ, ಪುಟ್ಟಿ?"

ಅದಿತಿ ಶ್ರೀವತ್ಸನ ವಿಷಯ ಹೇಳತೊಡಗಿದಳು. ಅವಳೊಂದಿಗೆ ಕೆಲಸ ಮಾಡುವ ಹುಡುಗ. ಮನೆಯಲ್ಲಿ ಮದುವೆಯ ಮಾತೆತ್ತಬೇಕೆಂದಿದ್ದವಳಿಗೆ ಅವನು ಮೊನ್ನೆ ಇದು ಬೇಡ ಎಂದುಬಿಟ್ಟಿದ್ದ. ವೈಜಯಂತಿ ಮಗಳ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ಕೇಳುತ್ತಿರುವಾಗಲೇ ಅವಳ ನೋಟ ಕೆಳಗಿಳಿದು ಮಗಳ ಪಾದದ ಮೇಲೆ ಚಪ್ಪಲಿ ಪಟ್ಟಿ ಒತ್ತಿದ ಗೆರೆಯತ್ತ ಹೋಯಿತು. ಗೆರೆ ಆಳವಾಗಿದೆಯೇ, ಇಲ್ಲವೇ? ಅವಳು ಕಣ್ಣನ್ನು ಬಲವಂತವಾಗಿ ಮೇಲಕ್ಕೆತ್ತಿ, "ಆಮೇಲೆ? ಏನಂದ ಅವನು?" ಎಂದು ಕೇಳಿದಳು.