ಗುರುವಾರದ ಟೈಲರು ಹೊಲಿದ ಕೊಳ

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಗುರುವಾರದ ಟೈಲರು ಎಂದು. ಶರ್ಟಿನ ಬಟ್ಟೆ ಕೊಟ್ಟು, ಅಳತೆ ಕೊಟ್ಟು, "ಯಾವಾಗ ಬರಲಿ?" ಎಂದು ಕೇಳಿದ ಯಾರಿಗೇ ಆಗಲಿ, ಅವರ ಉತ್ತರ ಒಂದೇ: "ಗುರುವಾರ ಬನ್ನಿ." ಯಾವ ಗುರುವಾರ ಎಂದು ಮಾತ್ರ ಅವರು ಹೇಳುತ್ತಿರಲಿಲ್ಲ. ಹೀಗಾಗಿ ಅವರು ಸುಳ್ಳು ಹೇಳಿದರೆಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಹೋದವರ ಮುಂದೆ ಒಂದು ಶರ್ಟನ್ನು ಎತ್ತಿ ಹಿಡಿದು, "ನೋಡಿ, ಕಾಜಾ ಹೊಡೆಯೋದೊಂದೇ ಬಾಕಿ" ಎನ್ನುತ್ತಿದ್ದರು. ಆ ಶರ್ಟು ಎಷ್ಟೋ ಸಲ ಬೇರೆ ಯಾರದ್ದೋ ಆಗಿರುತ್ತಿತ್ತು. ಆದರೂ ಗಿರಾಕಿಗಳು ಬಿಟ್ಟುಹೋಗುತ್ತಿರಲಿಲ್ಲ. ಕೊನೆಗೊಮ್ಮೆ ಬಟ್ಟೆ ಕೈಗೆ ಬಂದಾಗ ಅದು ಮೈಮೇಲೆ ಕೂರುತ್ತಿದ್ದ ಚೆಂದಕ್ಕೆ ಬೈಗುಳವೆಲ್ಲ ಬಾಯಲ್ಲೇ ಕರಗಿಹೋಗುತ್ತಿತ್ತು.

ಇಂಥ ಮನುಷ್ಯನಿಗೆ ಹಿತ್ತಿಲಲ್ಲಿ ಈಜುಕೊಳ ಕಟ್ಟಿಸುವ ಯೋಗ ಬಂದದ್ದು ಹೆಂಡತಿಯ ಸೊಂಟದ ದೆಸೆಯಿಂದ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡ ಆಕೆಗೆ ಆಪರೇಶನ್ ಏನೋ ಚೆನ್ನಾಗಿಯೇ ಆಯಿತು. ಆದರೆ ಕಾಲು ಮಾತ್ರ ಮುನಿಸಿಕೊಂಡುಬಿಟ್ಟಿತು. ಹಾಸಿಗೆಯಿಂದ ಅಡುಗೆಮನೆಯ ಕಿಟಕಿಯವರೆಗೆ ನಾಲ್ಕು ಕಾಲಿನ ವಾಕರ್ ಹಿಡಿದು ಬರುವಷ್ಟರಲ್ಲಿ ಮುಖವೆಲ್ಲ ಬೆವರು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಡಾಕ್ಟರಮ್ಮ ಒಂದು ದಿನ ಟೈಲರನ್ನು ಮನೆಯ ಮುಂದಿನ ಅಂಗಡಿಯ ಕೋಣೆಗೆ ಕರೆದು, ದನಿ ತಗ್ಗಿಸಿ ಹೇಳಿದಳು:

"ಇವರು ನೀರಲ್ಲಿ ನಡೀಬೇಕು. ಎದೆಮಟ್ಟ ನೀರಲ್ಲಿ ಮೈಭಾರ ಗೊತ್ತಾಗಲ್ಲ, ಕಾಲಿಗೆ ಧೈರ್ಯ ಬರುತ್ತೆ. ಮಳೆಗಾಲ ಮುಗಿಯೋದ್ರೊಳಗೆ ಶುರುಮಾಡಿ. ತಡ ಆದ್ರೆ ಕಾಲು ನಡಿಗೇನೇ ಮರೆತುಬಿಡುತ್ತೆ. ಆಮೇಲೆ ಜೀವನಪೂರ್ತಿ ಈ ವಾಕರ್ರೇ ಗತಿ."

ಊರಿನ ಈಜುಕೊಳಕ್ಕೆ ಒಮ್ಮೆ ಆಟೋದಲ್ಲಿ ಹೋದದ್ದೂ ಆಯಿತು. ಆಕೆ ಗೇಟಿನಿಂದಲೇ ಒಳಗೆ ಇಣುಕಿದರು. ಧುಮುಕುವವರು, ಕಿರುಚುವವರು, ನೀರೆರಚುವವರು. "ರೀ, ಈ ಗದ್ದಲದಲ್ಲಿ ನನ್ನನ್ನ ಯಾರಾದ್ರೂ ದೋಣಿ ಅಂದ್ಕೊಂಡು ಹತ್ತಿ ಕೂತ್ರೆ?" ಎಂದು ನಕ್ಕರು. ಆಟೋ ಅಲ್ಲಿಂದಲೇ ತಿರುಗಿತು. ದಾರಿಯಲ್ಲಿ ಆಕೆ ಹೊರಗಡೆ ಮುಖ ತಿರುಗಿಸಿ ಕೂತದ್ದನ್ನು ಟೈಲರು ನೋಡಿಯೂ ನೋಡದಂತಿದ್ದರು. ಅಂದೇ ಅವರು ತೀರ್ಮಾನಿಸಿದ್ದು: ಗಿರಾಕಿ ಅಂಗಡಿಗೆ ಬರಲಾರದಿದ್ದರೆ ಅಂಗಡಿಯೇ ಗಿರಾಕಿಯ ಮನೆಗೆ ಹೋಗಬೇಕು.

ಕಟ್ಟುವ ಕೆಲಸವನ್ನು ಆಕೆಯ ತಮ್ಮ ವಹಿಸಿಕೊಂಡ. ಅವನು ಕಂಟ್ರಾಕ್ಟರ್. ಮನೆಗಳಿಗೆ ನೀರಿನ ಸಂಪು, ಟ್ಯಾಂಕು ಕಟ್ಟಿಸುವುದರಲ್ಲಿ ಅವನದು ಎತ್ತಿದ ಕೈ.

"ಭಾವ, ಈಜುಕೊಳ ಅಂದ್ರೆ ಏನು ಮಹಾ? ಮುಚ್ಚಳ ಇಲ್ಲದ ಸಂಪು."

"ಆ ಸಂಪಿನಲ್ಲಿ ಇಳಿಯೋಳು ನಿಮ್ಮಕ್ಕ ಕಣಯ್ಯ. ನೆನಪಿರಲಿ."

ಟೈಲರು ಕೊಳವನ್ನು ತಾವೇ ಡಿಸೈನ್ ಮಾಡಿದರು. ಅಂಗಿಯ ಮಾದರಿ ಕತ್ತರಿಸುವ ದಪ್ಪ ಖಾಕಿ ಕಾಗದವನ್ನು ಕಟಿಂಗ್ ಮೇಜಿನ ಮೇಲೆ ಹಾಸಿ, ಕೊರಳಲ್ಲಿದ್ದ ಟೇಪು ತೆಗೆದು, ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದರು. ಆಕೆಯ ಎದೆಮಟ್ಟಕ್ಕೆ ಆಳ. ಎರಡು ಬದಿಯ ಸರಳನ್ನೂ ಕೈಚಾಚಿ ಹಿಡಿಯುವಷ್ಟು ಅಗಲ. ಮನೆಯ ಹಿಂಗೋಡೆಗೆ ಸಮವಾಗಿ, ಒಂದಿಷ್ಟು ನಡೆದೆ ಎನಿಸುವಷ್ಟು ಉದ್ದ. ಒಂದು ತುದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಂತೆ, ತಗ್ಗುತಗ್ಗಾದ ಮೆಟ್ಟಿಲು. ಬಾಗಿಲು ತೆಗೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ನೀರು.

ಕಾಂಪೌಂಡಿನಾಚೆಯ ನಿವೃತ್ತ ಮೇಷ್ಟ್ರು ಗೋಡೆಯ ಮೇಲೆ ಮೊಣಕೈ ಊರಿ ಹೊಂಡವನ್ನು ನೋಡಿದರು.

"ಏನ್ರೀ ಟೈಲರೇ, ಇದು ಈಜುಕೊಳವೋ, ಪ್ಯಾಂಟಿನ ಒಂದು ಕಾಲೋ?"

"ಒಂದೇ ಕಾಲು ಮೇಷ್ಟ್ರೇ. ಇನ್ನೊಂದು ಕಾಲು ಬೇಕಂದ್ರೆ ನಿಮ್ಮ ಹಿತ್ತಿಲಲ್ಲಿ ತೋಡಿಸ್ತೀನಿ."

ಹೊಂಡ ತೋಡುವ ಕೆಲಸ ಮದುವೆ ಮನೆಯ ಸಂಭ್ರಮದಲ್ಲಿ ನಡೆಯಿತು. ಆಮೇಲೆ ಶುರುವಾಯಿತು ನೋಡಿ, ನಿಜವಾದ ಕೆಲಸ: ಕಾಯುವುದು. ಸಿಮೆಂಟಿನ ಲಾರಿ ಕೆಟ್ಟು ನಿಂತಿತು. ಕಬ್ಬಿಣದ ಕಂಬಿ ಬಂದಾಗ ಅದನ್ನು ಕಟ್ಟುವವರು ಬರಲಿಲ್ಲ, ಕಟ್ಟುವವರು ಬಂದಾಗ ಮಳೆ ಬಂತು. ಹೊಂಡದಲ್ಲಿ ಕೆಸರುನೀರು ತುಂಬಿ, ಎಲ್ಲಿಂದಲೋ ಬಂದ ಕಪ್ಪೆಯೊಂದು ಯಾರನ್ನೂ ಕೇಳದೆ ಗೃಹಪ್ರವೇಶ ಮಾಡಿತು. "ಪರವಾಗಿಲ್ಲ, ಒಬ್ಬರಿಗಾದ್ರೂ ಕೊಳ ರೆಡಿಯಾಯ್ತಲ್ಲ" ಎಂದು ಆಕೆ ಕಿಟಕಿಯಿಂದ ಕೂಗಿದರು.

ಭಾಮೈದ ದಿನಾ ಬರುತ್ತಿದ್ದ. ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಟೀ ಕುಡಿದು, "ಭಾವ, ಇನ್ನೇನು, ಟೈಲ್ಸ್ ಒಂದೇ ಬಾಕಿ" ಎನ್ನುತ್ತಿದ್ದ. ಆಗಿನ್ನೂ ಗೋಡೆಯೇ ಎದ್ದಿರಲಿಲ್ಲ. ಟೈಲರಿಗೆ ಈ ಮಾತಿನ ಹೊಲಿಗೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸುತ್ತಿತ್ತು. ಒಂದು ದಿನ ರೇಗಿ, "ಸರಿಯಾಗಿ ಹೇಳು, ಯಾವಾಗ ಮುಗಿಯುತ್ತೆ?" ಎಂದು ಕೇಳಿದರು.

"ಗುರುವಾರ, ಭಾವ."

ಅಡುಗೆಮನೆಯೊಳಗೆ ವಾಕರ್ ಗಡಗಡ ಅಲುಗಿದ ಸದ್ದಾಯಿತು. ಟೈಲರು ಗಾಬರಿಯಿಂದ ಓಡಿಹೋಗಿ ನೋಡಿದರೆ ಆಕೆ ಅದನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಬಿದ್ದಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ಆ ನಗುವಿನ ಮುಂದೆ ಅವರು ಭಾಮೈದನ ಮೇಲೆ ಕೋಪವನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಾರು?

ಅಂತೂ ಗೋಡೆ ಎದ್ದಿತು. ಮೆಟ್ಟಿಲಿಗೆ ಕಾಂಕ್ರೀಟು ಬಿತ್ತು. "ಕ್ಯೂರಿಂಗ್ ಆಗ್ಬೇಕು, ಕಾಂಕ್ರೀಟು ಗಟ್ಟಿಯಾಗೋವರೆಗೆ ಯಾರೂ ಮುಟ್ಟಬೇಡಿ" ಎಂದು ಭಾಮೈದ ಕೊಳದ ಈ ತುದಿಯಿಂದ ಆ ತುದಿಗೆ ನೀಲಿ ಟಾರ್ಪಾಲು ಹೊದಿಸಿ ಹೋದ. ಹೋದವನು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮಳೆಗಾಲ ಕೊನೆಯ ಪಟ್ಟು ಹಾಕುತ್ತಿತ್ತು. ಆಕೆ ಕಿಟಕಿಗೆ ಬರುವುದನ್ನು ನಿಲ್ಲಿಸಿದ್ದರು. ಡಾಕ್ಟರಮ್ಮ ಬಂದಾಗಲೆಲ್ಲ ಕಾಲನ್ನು ಒತ್ತಿ ನೋಡಿ, ಟೈಲರ ಮುಖವನ್ನೊಮ್ಮೆ ನೋಡಿ ಹೋಗುತ್ತಿದ್ದಳು.

ಟೈಲರು ಮೆಷಿನ್ನಿನ ಮುಂದೆ ಕೂತು ಯೋಚಿಸಿದರು. ಎದುರಿಗೆ ನೇತುಹಾಕಿದ್ದದ್ದು ಭಾಮೈದನದೇ ಕೋಟು. ತನ್ನ ಮಗಳ ಮದುವೆಗೆಂದು ಅವನು ಬಟ್ಟೆ ಕೊಟ್ಟು ಹೊಲಿಯಲು ಹೇಳಿದ್ದು. ಅದನ್ನು ಕತ್ತರಿಸುವ ದಿನ ಟೈಲರ ಕಣ್ಣು ಬಟ್ಟೆಯ ಮೇಲಿದ್ದರೂ ಮನಸ್ಸು ಹೊಂಡದಲ್ಲಿತ್ತು. ತೋಳು ಎರಡನ್ನೂ ಎಡಗೈಯದ್ದೇ ಕತ್ತರಿಸಿಬಿಟ್ಟಿದ್ದರು. ಗೊತ್ತಾದದ್ದು ಹೊಲಿದು ಮುಗಿಸಿದ ಮೇಲೆ. ಮಿಕ್ಕ ಬಟ್ಟೆಯಲ್ಲಿ ಇನ್ನೊಂದು ತೋಳು ಹೊರಡುವಂತಿರಲಿಲ್ಲ. ಅಂದಿನಿಂದ ಭಾಮೈದನ ಮುಂದೆ ಅವರು ಕೋಟಿನ ಮಾತೇ ಎತ್ತಿರಲಿಲ್ಲ.

ಅಲ್ಲೇ ಅವರಿಗೆ ಫಕ್ಕನೆ ಹೊಳೆಯಿತು. ಕೆಲಸ ಬರೀ ತಡವಾದರೆ ಟೈಲರು ಹಲ್ಲುಬಿಟ್ಟುಕೊಂಡು ಎದುರಿಗೇ ಬಂದು ಗುರುವಾರ ಅನ್ನುತ್ತಾನೆ. ಮುಖ ತಪ್ಪಿಸುವುದು ಬಟ್ಟೆ ತಪ್ಪು ಕತ್ತರಿಸಿದಾಗ ಮಾತ್ರ.

ಎದ್ದು ಹಿತ್ತಿಲಿಗೆ ಹೋಗಿ ಟಾರ್ಪಾಲು ಎತ್ತಿದರು. ಅಡುಗೆಮನೆಯ ಬಾಗಿಲಿನ ಬುಡದಲ್ಲಿ ಮೆಟ್ಟಿಲಿರಲಿಲ್ಲ. ನೇರ ಗೋಡೆ. ಇನ್ನೊಂದು ತುದಿಗೆ ಹೋಗಿ ಎತ್ತಿದರು. ಮೇಷ್ಟ್ರ ಕಾಂಪೌಂಡಿನ ಪಕ್ಕದಲ್ಲಿ, ಅಂದವಾಗಿ, ತಗ್ಗುತಗ್ಗಾಗಿ, ಮೆಟ್ಟಿಲು ನಗುತ್ತ ಕೂತಿತ್ತು. ಬಾಗಿಲಿನಿಂದ ಅಲ್ಲಿಗೆ ಕೊಳದ ಇಡೀ ಉದ್ದ. ಮಂಚದಿಂದ ಕಿಟಕಿಗೆ ಬರಲು ಬೆವರುವ ಹೆಂಗಸಿಗೆ ಅದು ಪಕ್ಕದೂರು ಇದ್ದ ಹಾಗೆ.

ಟೈಲರಿಗೆ ಕೂಗಾಡಬೇಕೆನಿಸಿತು. ಕೂಗಾಡಲೆಂದೇ ಭಾಮೈದನ ಮನೆಗೆ ಹೊರಟರು. ಹೊರಡುವಾಗ ಏನು ತೋಚಿತೋ, ಕೋಟನ್ನೂ ಬಗಲಿಗೆ ಸಿಕ್ಕಿಸಿಕೊಂಡರು.

ಭಾವನನ್ನು ಗೇಟಿನಲ್ಲಿ ಕಂಡ ಭಾಮೈದ ಹಿಂಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ನಾಚಿಕೊಂಡು, ವಾಪಸು ಬಂದ. ಟೈಲರು ಕೂಗಾಡುವ ಬದಲು ಕೋಟು ಚಾಚಿದರು. ಅವನು ತೊಟ್ಟ. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹೋದದ್ದೇನೋ ಹೋಯಿತು, ಆದರೆ ಹೊರಬಂದ ಮೇಲೆ ಯಾರೋ ಬೆನ್ನ ಹಿಂದಿನಿಂದ ಜಗ್ಗುತ್ತಿರುವಂತೆ ತಿರುಚಿಕೊಂಡು ನಿಂತಿತು.

"ಇದೇನು ಭಾವ ಇದು!"

"ಎರಡೂ ಎಡಗೈ ತೋಳು. ನನ್ನದೇ ತಪ್ಪು. ಈಗ ನಿನ್ನದು ಹೇಳು."

ಭಾಮೈದ ಆ ಕೋಟಿನಲ್ಲೇ ಕುಸಿದು ಕೂತ. "ಮೆಟ್ಟಿಲು ಉಲ್ಟಾ ಆಗೋಯ್ತು ಭಾವ. ಅಕ್ಕ ಎಲ್ಲಿಂದ ಇಳೀತಾಳೆ ಅಂತ ಒಂದಿನ ಬಾಗಿಲಲ್ಲಿ ನಿಂತು ನೋಡ್ದೆ, ಎದೆ ಧಸಕ್ ಅಂತು. ಕಾಗದಾನ ನಾನೇ ತಲೆಕೆಳಗೆ ಹಿಡಿದ್ನೋ ಏನೋ. ಒಡೆದು ಮತ್ತೆ ಕಟ್ಟೋಕೆ ಎಷ್ಟು ದಿನ ಆಗುತ್ತೋ. ಅಲ್ಲೀವರೆಗೆ ಅಕ್ಕನ ಕಾಲು..."

ಅವನು ತಂದು ತೋರಿಸಿದ ಖಾಕಿ ಕಾಗದವನ್ನು ಟೈಲರು ಬೆಳಕಿಗೆ ಹಿಡಿದರು. ಗೆರೆ ತಮ್ಮದೇ. ಬಲಕ್ಕಿರಬೇಕಾದ ಬಾಗಿಲು ಎಡಕ್ಕಿತ್ತು. ಮೆಟ್ಟಿಲೂ ಎಡಕ್ಕೇ. ಭಾಮೈದ ತಲೆಕೆಳಗೆ ಹಿಡಿದಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಕಟ್ಟಿದ್ದ. ಸೀಮೆಸುಣ್ಣದ ಗುರುತು ಮೇಲೆ ಕಾಣಬಾರದೆಂದು ಟೈಲರು ಗೆರೆ ಎಳೆಯುವುದು ಯಾವತ್ತೂ ಬಟ್ಟೆಯ ಒಳಮೈ ಮೇಲೆ. ಹೊಲಿದು ಮಗುಚಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಒಂದು ಆಯುಷ್ಯದ ಅಭ್ಯಾಸದ ಕೈ ಕೊಳವನ್ನೂ ಒಳಮೈಯಲ್ಲೇ ಬರೆದಿತ್ತು. ಕೊಳವನ್ನು ಮಗುಚಿ ಹಾಕಲು ಯಾರಿಂದಾದೀತು?

ಸುಮ್ಮನಿದ್ದರೆ ತಪ್ಪು ಭಾಮೈದನ ತಲೆಯ ಮೇಲೇ ಉಳಿಯುತ್ತಿತ್ತು. ಪಾಪ, ಅವನು ಆಗಲೇ ಹೊತ್ತುಕೊಂಡೂ ಆಗಿತ್ತು. ಟೈಲರ ನಾಲಿಗೆಯ ತುದಿಗೆ ಗುರುವಾರ ಎಂಬ ಮಾತೇ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು, "ತಪ್ಪು ನಿನ್ನದಲ್ಲ ಕಣೋ. ಇದೂ ನನ್ನ ಎಡಗೈ ತೋಳೇ" ಎಂದರು.

ಇಬ್ಬರೂ ಒಟ್ಟಿಗೆ ಬಂದು ಆಕೆಯ ಮಂಚದ ಮುಂದೆ, ಗಾಜು ಒಡೆದ ಹುಡುಗರ ಹಾಗೆ ನಿಂತರು. ಭಾಮೈದನ ಮೈಮೇಲೆ ಕೋಟು ಇನ್ನೂ ಹಾಗೇ ಇತ್ತು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ತಿರುಚಿದ ತೋಳನ್ನೊಮ್ಮೆ ನೋಡಿದರು.

"ನಾಳೆಯೇ ಒಡೆಸ್ತೀನಿ ಅಕ್ಕ," ಎಂದ ಭಾಮೈದ.

"ಏನೂ ಬೇಡ. ನಿಮ್ಮಿಬ್ಬರ ಕೈಗೆ ಮತ್ತೆ ಸುತ್ತಿಗೆ ಕೊಟ್ರೆ ಮನೇನೇ ಉಲ್ಟಾ ಆಗುತ್ತೆ. ಬಾಗಿಲಿಂದ ಮೆಟ್ಟಿಲವರೆಗೂ ಹಿಡ್ಕೊಳ್ಳೋಕೆ ಒಂದು ಸರಳು ಹಾಕಿಸು. ನಾನೇ ನಡ್ಕೊಂಡು ಹೋಗ್ತೀನಿ."

"ಅಷ್ಟು ದೂರ ಹೇಗೇ..." ಎಂದರು ಟೈಲರು.

"ಬಾಗಿಲಲ್ಲೇ ಮೆಟ್ಟಿಲಿದ್ದಿದ್ರೆ ನೀವಿಬ್ರೂ ನನ್ನನ್ನ ಗೋಣಿಚೀಲದ ಹಾಗೆ ಎತ್ತಿ ನೀರಿಗೆ ಇಳಿಸ್ತಿದ್ರಿ. ನನಗದು ಗೊತ್ತಿಲ್ವಾ?"

ಅದು ನಿಜವಾಗಿತ್ತು.

ಈ ಸಲ ಭಾಮೈದ ಟೀ ಕುಡಿಯಲಿಲ್ಲ. ಸರಳು ಬಂತು, ಟೈಲ್ಸ್ ಬಂತು, ಎರಡೂ ಹೇಳಿದ ದಿನಕ್ಕೇ ಬಂದು ಎಲ್ಲರಿಗೂ ಗಾಬರಿ ಹುಟ್ಟಿಸಿದವು. ಅತ್ತ ಟೈಲ್ಸ್ ಕೂರುತ್ತಿದ್ದರೆ ಇತ್ತ ಆಕೆ ಸರಳು ಹಿಡಿದು ನಡೆಯಲು ಹೊರಟರು. ಮೊದಲ ದಿನ ಅರ್ಧ ದಾರಿಯಲ್ಲಿ ಕಾಲು ನಡುಗಿ ನಿಂತುಬಿಟ್ಟಿತು. ಮುಂದೆ ಹೋಗಲಾರರು, ಹಿಂದೆ ಬರಲಾರರು. ಟೈಲರು ತೋಳಿಗೆ ಕೈಹಾಕಿದರೆ, "ಬೇಡ" ಎಂದು ಗದರಿದರು. ಗದರಿದವರ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಗೋಡೆಯಾಚೆಯಿಂದ ಒಂದು ಕುರ್ಚಿ ಇಳಿಬಿಟ್ಟರು. ಆ ಕುರ್ಚಿ ಅಲ್ಲೇ, ಅರ್ಧ ದಾರಿಯಲ್ಲೇ ಉಳಿಯಿತು. ದಿನಾ ಸ್ವಲ್ಪ ಸ್ವಲ್ಪವೇ ಅದನ್ನು ಮುಂದಕ್ಕೆ ಸರಿಸಲು ಆಕೆ ಹೇಳುತ್ತಿದ್ದರು. ಕೊನೆಗೊಂದು ದಿನ ಅದು ಮೆಟ್ಟಿಲ ಪಕ್ಕಕ್ಕೆ ಹೋಗಿ ಕೂತಿತು.

ನೀರು ತುಂಬಿದ ದಿನ ಬೆಳಿಗ್ಗೆ ಹಿತ್ತಿಲಿಗೆ ಬಿಸಿಲು ಬಂದಿತ್ತು. ಭಾಮೈದ ಮೆಟ್ಟಿಲ ಬಳಿ ನಿಂತು, "ಅಕ್ಕ, ನಂದು ಪೂರ್ತಿ ಮುಗೀತು. ಬಾಕಿ ಏನೂ ಇಲ್ಲ!" ಎಂದು ಎದೆಯುಬ್ಬಿಸಿದ. ಆಕೆ ಬಾಗಿಲು ದಾಟಿ, ಸರಳು ಹಿಡಿದು, ನಿಧಾನವಾಗಿ, ಯಾರ ಕಡೆಗೂ ನೋಡದೆ ಬಂದರು. ನೀರಿಗಿಳಿಯಲೆಂದು ಗಂಡ ಹೊಲಿದುಕೊಟ್ಟ ಉದ್ದನೆಯ ನೀಲಿ ಉಡುಪು ಮೈಮೇಲಿತ್ತು. ಒಂದು ಭುಜದ ಮೇಲೆ ಕೈ ಒತ್ತಿ ಹಿಡಿದಿದ್ದರು.

"ಭುಜ ನೋಯ್ತಿದೆಯೇನೇ?" ಎಂದರು ಟೈಲರು.

"ಭುಜಕ್ಕೇನೂ ಆಗಿಲ್ಲ. ಇಲ್ಲಿ ಗುಂಡಿಯೇ ಇಲ್ಲ. ಕೈ ಬಿಟ್ರೆ ಜಾರುತ್ತೆ."

ಟೈಲರ ಮುಖ ಇಳಿಯಿತು. ಊರಿಗೆಲ್ಲ ಹೇಳಿದ 'ಇದೊಂದೇ ಬಾಕಿ' ಎಂಬ ಮಾತು ಕೊನೆಗೆ ಸ್ವಂತ ಹೆಂಡತಿಯ ಭುಜದ ಮೇಲೆ ಬಂದು ಕೂತಿತ್ತು. ಮೇಷ್ಟ್ರು ಗೋಡೆಯಾಚೆಯಿಂದ, "ಗುರುವಾರ ಬರಬೇಕಂತೇನಮ್ಮಾ?" ಎಂದು ಕೇಳಿದರು.

"ಇವತ್ತೇ ಗುರುವಾರ ಮೇಷ್ಟ್ರೇ," ಎಂದರು ಆಕೆ.

ಎರಡು ಕೈಗೂ ಸರಳು ಬೇಕಿತ್ತು. ಭುಜ ಹಿಡಿದ ಕೈಯಿಂದ ಆಕೆ ಇಳಿಯುವಂತಿರಲಿಲ್ಲ. ಟೈಲರಿಗೆ ನೀರೆಂದರೆ ಬಕೆಟ್ಟಿನಲ್ಲಿರುವಷ್ಟೇ ಪರಿಚಯ. ಆದರೂ ಒಳಗೆ ಹೋಗಿ ಸೂಜಿದಾರ, ಒಂದು ಗುಂಡಿ ತಂದರು. ಪ್ಯಾಂಟು ಮಡಿಸುವ ವ್ಯವಧಾನವೂ ಇಲ್ಲದೆ, ಹಾಗೇ ಮೆಟ್ಟಿಲಿಳಿದು ಆಕೆಯ ಎದುರಿಗೆ ಸೊಂಟಮಟ್ಟ ನೀರಲ್ಲಿ ನಿಂತರು. ಆಕೆ ಮೊದಲ ಮೆಟ್ಟಿಲ ಮೇಲೆ ಕೂತು, ಪಾದ ನೀರಿಗೆ ಬಿಟ್ಟು ಭುಜ ಮುಂದೆ ಮಾಡಿದರು.

"ಚುಚ್ಚಬೇಡ್ರೀ."

"ಅಲುಗಬೇಡ ಕಣೇ."

ನೀರಿನ ಬೆಳಕು ಇಬ್ಬರ ಮುಖದ ಮೇಲೂ ಆಡುತ್ತಿತ್ತು. ಸುತ್ತ ನೀರು ಅಲುಗುತ್ತಿತ್ತು, ಆದರೆ ಹೊಲಿಗೆ ಅಲುಗಲಿಲ್ಲ. ಗಂಟು ಹಾಕಿ, ಬಗ್ಗಿ, ಹಲ್ಲಿನಿಂದ ದಾರ ಕಡಿದರು.

"ಆಯ್ತೇನ್ರೀ?"

"ಆಯ್ತು," ಎಂದರು ಟೈಲರು. ಅಳತೆ ಕೊಟ್ಟವರೊಬ್ಬರಿಗೆ, ಕೇಳಿದ ಕೂಡಲೇ, ಅವರು ಆ ಮಾತು ಹೇಳಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಸೂಜಿ ಎಲ್ಲಿಯೂ ಬೀಳದಿರಲೆಂದು ತುಟಿಗಳ ನಡುವೆ ಕಚ್ಚಿಕೊಂಡು ಪಕ್ಕಕ್ಕೆ ಸರಿದು ನಿಂತರು. ಆಕೆ ಎದ್ದು, ಎರಡೂ ಸರಳು ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಎದೆಮಟ್ಟಕ್ಕೆ ಬಂದರು. ಕಾಲು ನೆಲ ಮುಟ್ಟಿ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಹೆಜ್ಜೆ ಬಿತ್ತು. ಇನ್ನೊಂದು. ಅರ್ಧ ದೂರ ಹೋದಮೇಲೆ ಎಡಗೈ ಸರಳನ್ನು ಬಿಟ್ಟಿತು. ಇನ್ನಷ್ಟು ದೂರ ಹೋದಮೇಲೆ ಬಲಗೈಯೂ ಬಿಟ್ಟು, ನೀರಿನ ಮೇಲೆ ಸುಮ್ಮನೆ ತೇಲಿತು. ಆಚೆ ತುದಿ ಮುಟ್ಟಿ, ಅಡುಗೆಮನೆಯ ಬಾಗಿಲ ಬುಡದಲ್ಲಿ ನಿಂತು ಆಕೆ ತಿರುಗಿದರು.

"ರೀ, ನಡೆದೆ. ನೋಡಿದ್ರಾ?"

ಟೈಲರ ಬಾಯಲ್ಲಿ ಸೂಜಿ ಇತ್ತು. ಅವರು ತಲೆಯಾಡಿಸಿದರು. ಒಂದು ಸಲವಲ್ಲ, ಆಕೆ ಅದೇ ದಾರಿಯಲ್ಲಿ ನಡೆದು ವಾಪಸು ಬರುವವರೆಗೂ ತಲೆಯಾಡಿಸುತ್ತಲೇ ನಿಂತಿದ್ದರು.