ರಾದಾಮೆಸನ ಚೀಟಿಯಿಲ್ಲದ ದಿನಗಳು

ಸಾನ್ ಪೆದ್ರೊದ ಕ್ಷೌರಿಕ ರಾದಾಮೆಸ್ ಪೆಗೆರೊ ಪಂತ ಕಟ್ಟದೆ ಆಡಿದ ಆಟವೆಂದರೆ ತೊಟ್ಟಿಲಲ್ಲಿ ಕಾಲು ಬಡಿದದ್ದು ಮಾತ್ರ. ಅದೂ ಆಗ ಅವನ ಅಂಗಿಗೆ ಜೇಬಿರಲಿಲ್ಲವೆಂದು. ಬೇಸ್‌ಬಾಲಿನಲ್ಲಿ ಯಾರು ಗೆಲ್ಲುತ್ತಾರೆಂದು ಊರೆಲ್ಲ ಪಂತದ ಚೀಟಿ ಬರೆಸುತ್ತದೆ. ಇವನೋ, ಚೆಂಡು ಎಸೆಯುವವನು ಮೊದಲು ಮೂಗು ತುರಿಸುತ್ತಾನೋ ಟೋಪಿ ಮುಟ್ಟುತ್ತಾನೋ ಎಂಬುದಕ್ಕೂ ಎದುರಾಳಿಯನ್ನು ಹುಡುಕುವವನು. ಗಿರಾಕಿಯ ಮೀಸೆ ಅರ್ಧ ತೆಗೆದು, ಕತ್ತಿ ಹಿಡಿದುಕೊಂಡೇ ಎದುರಿನ ಪಂತದಂಗಡಿಗೆ ಓಡುತ್ತಿದ್ದ. ಹಾಗೆ ಅರ್ಧ ಮೀಸೆಯಲ್ಲೇ ಮದುವೆಗೆ ಹೋದವನೊಬ್ಬನಿದ್ದಾನೆ. ಅವನ ಹೆಂಡತಿ ಇವತ್ತಿಗೂ ಒಂದೇ ಮಗ್ಗುಲಿನಿಂದ ಅವನನ್ನು ಮಾತಾಡಿಸುತ್ತಾಳಂತೆ.

ಮಗಳಿಗೆ ಹದಿನೈದು ತುಂಬಿದ ದಿನ ಎಲ್ಲವೂ ಕೆಟ್ಟಿತು. ಆ ದಿನ ಮಗಳ ಕೈಹಿಡಿದು ಮೊದಲ ಕುಣಿತ ಕುಣಿಯಬೇಕಾದವನು ಅಪ್ಪ. ಅಪ್ಪ ಪಂತದಂಗಡಿಯ ಟಿವಿಯ ಮುಂದೆ ಕಡೆಯ ಇನಿಂಗ್ಸಿನಲ್ಲಿದ್ದ. ವಾದ್ಯದವರು ಅದೇ ರಾಗವನ್ನು ಹನ್ನೊಂದು ಸಲ ಬಾರಿಸಿದರು, ತುತ್ತೂರಿಯವನ ತುಟಿ ಬಾತು ಬದನೆಕಾಯಿಯಾಯಿತು. ಕೊನೆಗೆ ಸೋದರಮಾವ ಕುಣಿದ. ಮರುದಿನ ಬೆಳಿಗ್ಗೆ ಹೆಂಡತಿ ಯೊಕಾಸ್ತಾ ಮಗಳನ್ನೂ ನಾಯಿಯನ್ನೂ ಕರೆದುಕೊಂಡು ಪಕ್ಕದೂರು ಕೊನ್ಸುಯೆಲೊದಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇಷ್ಟೆ:

"ತೊಂಬತ್ತು ದಿನ. ಒಂದು ಚೀಟಿನೂ ಬರೆಸ್ದೆ ಇದ್ದು ತೋರ್ಸು, ಬರ್ತೀನಿ. ಒಂದು ದಿನ ತಪ್ಪಿದ್ರೂ ನೀನುಂಟು, ನಿನ್ನ ಟಿವಿ ಉಂಟು."

ಹೀಗೆ ರಾದಾಮೆಸ್ ಚರ್ಚಿನ ಹಿಂದಿನ ಕೋಣೆಗೆ ಹೋಗತೊಡಗಿದ. ಅಲ್ಲಿ ಗುರುವಾರ ಸಂಜೆ ಪಂತದ ಚಟ ಬಿಡಲು ಹೆಣಗುವ ಹತ್ತು ಮಂದಿ ಸುತ್ತುಗಟ್ಟಿ ಕೂರುತ್ತಿದ್ದರು. ನಡೆಸುತ್ತಿದ್ದವಳು ದೋನ್ಯಾ ಎರ್ಸೀಲಿಯಾ ಎಂಬ ನಿವೃತ್ತ ನರ್ಸು, ಹದಿನೆಂಟು ವರ್ಷದಿಂದ ಚೀಟಿ ಮುಟ್ಟದವಳು. ಮೊದಲು ಹೆಸರು, ಆಮೇಲೆ ಚೀಟಿಯಿಲ್ಲದೆ ಕಳೆದ ದಿನಗಳ ಲೆಕ್ಕ, ಆಮೇಲೆ ಮಾತು: ಅಲ್ಲಿಯ ಕ್ರಮ ಅದು. ಅಂಗಡಿಯ ಗಳಿಕೆಯನ್ನು ತಮ್ಮನ ಕೈಗೆ ಕೊಡು, ಪಂತದಂಗಡಿಯವನಿಗೆ ನಿನ್ನ ಫೋಟೊ ಕೊಟ್ಟು ಇವನ ಚೀಟಿ ಬರೆಯಬೇಡ ಅನ್ನು, ಕೈ ತುರಿಸಿದರೆ ಇಪ್ಪತ್ತು ನಿಮಿಷ ತಡೆದು ನನಗೆ ಫೋನು ಮಾಡು ಎಂದಳು ಅವಳು. ರಾದಾಮೆಸ್ ಮೂರನ್ನೂ ಮಾಡಿದ. ಒಂದೇ ಪಂದ್ಯದ ಹೊತ್ತಿನಲ್ಲಿ ಒಂಬತ್ತು ಸಲ ಫೋನು ಮಾಡಿದ. ಅವಳ ಒಲೆಯ ಮೇಲಿನ ಅವರೆ ಸೀದು ಎಂಥ ಇದ್ದಲಾಯಿತೆಂದರೆ ಮಾರನೆಯ ದಿನ ಅದನ್ನೇ ಉರಿಸಿ ಅಡಿಗೆ ಮಾಡಿದಳು.

ಚೀಟಿ ಬಿಡುವುದಕ್ಕಿಂತ ಕಷ್ಟವಾದದ್ದು ಚೀಟಿಯಿಲ್ಲದೆ ಆಟ ನೋಡುವುದು. ಊರ ತಂಡ ಸೋತರೆ ದುಡ್ಡಾದರೂ ಬರಲಿ, ಗೆದ್ದರೆ ಹೇಗೂ ಸಂತೋಷವಿದೆ ಎಂದು ಅವನು ವರ್ಷಗಟ್ಟಲೆ ಸ್ವಂತ ಊರಿನ ವಿರುದ್ಧ ಪಂತ ಕಟ್ಟಿದ್ದ. ಈಗ ಊರ ತಂಡ ಚೆಂಡನ್ನು ಬೇಲಿಯಾಚೆ ಹೊಡೆದಾಗ ಬೀದಿ ಬೀದಿಯೇ ಕೂಗಿದರೂ ಅವನು ಮಾತ್ರ, ಖುಷಿಪಡಬೇಕೋ ಬೇಡವೋ ಎಂದು ಅಂಗಿಯ ಜೇಬು ತಡಕುತ್ತಿದ್ದ. ತನ್ನ ತಂಡ ಯಾವುದೆಂದು ಎರ್ಸೀಲಿಯಾಳನ್ನೇ ಕೇಳಿದ. ಹುಟ್ಟಿದ್ದು ಇದೇ ಊರಲ್ಲವೇ, ಸ್ವಲ್ಪ ದಿನ ಸುಮ್ಮನೆ ಇದರ ಪರವಾಗಿ ಕೂಗು, ಆಮೇಲೆ ನಿಜವಾದರೂ ಆದೀತು ಎಂದಳು. ಕೂಗಿದ. ಗಂಟಲು ಕಟ್ಟಿತೇ ಹೊರತು ನಿಜವಾಯಿತೋ ಇಲ್ಲವೋ ತಿಳಿಯಲಿಲ್ಲ.

ಅಷ್ಟರಲ್ಲಿ ಇಪ್ಪತ್ತಮೂರನೆಯ ದಿನ ಬಂತು. ನಮ್ಮ ಕಡೆ ಎಲ್ಲದಕ್ಕೂ ಒಂದು ಸಂಖ್ಯೆ, ಎಲ್ಲ ಸಂಖ್ಯೆಗೂ ಒಂದು ಲಾಟರಿ. ಸತ್ತವನ ವಯಸ್ಸು, ಗುದ್ದಿದ ಬಸ್ಸಿನ ನಂಬರು, ಕನಸಿನಲ್ಲಿ ಕಂಡ ಅತ್ತೆ, ಯಾವುದನ್ನೂ ಬಿಡುವುದಿಲ್ಲ. ಬಾಳೆಕಾಯಿ ಕರಿದು ಮಾರುವ ಎಲಿಹಿಯೊ ಗಡ್ಡ ಮಾಡಿಸಿಕೊಳ್ಳುತ್ತ, ಚೀಟಿ ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದ. ರಾದಾಮೆಸ್ ಎದೆಯುಬ್ಬಿಸಿ ಇಪ್ಪತ್ತಮೂರು ಎಂದ. ಎಲಿಹಿಯೊ ಕೆನ್ನೆಯ ಸೋಪನ್ನೂ ಒರೆಸಿಕೊಳ್ಳದೆ ಎದುರಿನ ಪಂತದಂಗಡಿಗೆ ಹೋಗಿ ಆ ಸಂಖ್ಯೆಗೇ ದುಡ್ಡು ಹಾಕಿದ. ದಿನಾ ಮಧ್ಯಾಹ್ನ ನಡೆಯುವ ಲಾಟರಿ ಡ್ರಾದಲ್ಲಿ ಇಪ್ಪತ್ತಮೂರೇ ಬಂತು.

ಮರುದಿನದಿಂದ ಕ್ಷೌರದಂಗಡಿಯ ಮುಂದೆ ಸಾಲು. ಬೋಳುತಲೆಯವರೂ ಕೂದಲು ಕತ್ತರಿಸಿಕೊಳ್ಳಲು ಬಂದರು. ನಿನ್ನೆಯದಕ್ಕೆ ಒಂದು ಕೂಡಿಸಿದರೆ ಇವತ್ತಿನದು ಎಂದು ಕೋಳಿಗೂ ಗೊತ್ತು. ಆದರೆ ಅವನ ಬಾಯಿಂದಲೇ ಕೇಳಿದರೆ ಬಲ ಹೆಚ್ಚಂತೆ. ಮೂವತ್ತೊಂದನೆಯ ದಿನ ಮೂವತ್ತೊಂದೂ ಬಂದಮೇಲೆ ಅವನ ಸಂಖ್ಯೆ ಬಸ್ ಡ್ರೈವರುಗಳ ಬಾಯಲ್ಲಿ ಪಕ್ಕದೂರುಗಳಿಗೂ ಹೋಯಿತು. ಇವನು ಜಾರಿದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದಲ್ಲ, ಆ ಭಯಕ್ಕೆ ಬೀದಿಯೇ ಅವನಿಗೆ ಕಾವಲು ನಿಂತಿತು. ರಸ್ತೆ ದಾಟಲು ಕಾಲಿಟ್ಟರೆ ನಾಲ್ಕು ಜನ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸುತ್ತಿದ್ದರು.

"ನೀನು ಗಟ್ಟಿಯಾಗಿರಪ್ಪ ರಾದಾಮೆಸ್," ಎಂದ ಎಲಿಹಿಯೊ, ಬಿಸಿ ಬಾಳೆಕಾಯಿಯ ತಟ್ಟೆ ಮುಂದಿಡುತ್ತ. "ನೀನು ಆಡ್ಬಿಟ್ರೆ ನಾವ್ ಏನನ್ನ ಆಡೋದು?"

ರಾದಾಮೆಸನಿಗೆ ಇದು ತನ್ನ ಬೆನ್ನು ತಟ್ಟುವುದೋ ಬೆನ್ನು ಹತ್ತುವುದೋ ಅರ್ಥವಾಗಲಿಲ್ಲ. ಮಧ್ಯಾಹ್ನವಾದರೆ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ ಡ್ರಾ ಹೇಳುವ ರೇಡಿಯೊಗೆ ಕಿವಿ ಕೊಡತೊಡಗಿದ. ನಲವತ್ತೈದನೆಯ ದಿನ ನಲವತ್ತನಾಲ್ಕು ಬಂದಾಗ ಎದೆ ಡವಡವ ಹೊಡೆದುಕೊಂಡಿತು, ಅಂಗೈ ಬೆವತಿತು. ದುಡ್ಡು ಹಾಕಿಲ್ಲ, ಚೀಟಿಯಿಲ್ಲ. ಬೆವರು ಮಾತ್ರ ಹಳೆಯದೇ.

ಆ ಗುರುವಾರ ಸುತ್ತಿನಲ್ಲಿ ಹೆಸರು ಹೇಳುವ ಮೊದಲೇ ಕೇಳಿಬಿಟ್ಟ. "ನಾನ್ ಆಡಿದೀನಾ, ಇಲ್ವಾ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ದೋನ್ಯಾ ಎರ್ಸೀಲಿಯಾ ಬಲಗಡೆಯಿಂದ ಲೆಕ್ಕ ಕೇಳುತ್ತ ಬಂದಳು. ಇನ್ನೂರು ದಿನ ದಾಟಿದ್ದ ಪೋಸ್ಟ್‌ಮನ್ ಎದ್ದು ನಿಂತು ಸೊನ್ನೆ ಎಂದ. ಪಕ್ಕದ ದರ್ಜಿಯೂ ಸೊನ್ನೆ. ಹತ್ತಕ್ಕೆ ಹತ್ತೂ ಸೊನ್ನೆ. ಎಲ್ಲರೂ ರಾದಾಮೆಸನ ನಲವತ್ತೈದಕ್ಕೆ ಹಾಕಿದ್ದರು. ಎರ್ಸೀಲಿಯಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಆಗಲೂ ಅವರೇ ಕೂತಿದ್ದರು.

"ನಾಳೆ ಮತ್ತೆ ಒಂದರಿಂದ ಎಣಿಸಿ. ಅದಕ್ಕೇ ಇರೋದು ಈ ಕೋಣೆ," ಎಂದಳು. "ರಾದಾಮೆಸ್, ನೀನು ಇನ್ಮೇಲೆ ನಿನ್ನ ಲೆಕ್ಕ ಯಾರಿಗೂ ಹೇಳ್ಬೇಡ. ರೇಡಿಯೊನೂ ಬೇಡ. ಎದೆ ಹೊಡ್ಕೊಂಡಿದ್ದನ್ನ ಮುಚ್ಚಿಡದೆ ಬಂದು ಹೇಳ್ದೆ, ಅದು ಒಳ್ಳೇದು. ಅದು ಆಡಿದ ಹಾಗೋ ಅಲ್ವೋ ಅಂತ ಯೊಕಾಸ್ತಾನ್ನ ಕೇಳು. ತೊಂಬತ್ತು ಹೇಳಿದೋಳು ಅವಳು."

ರಾದಾಮೆಸ್ ಬಾಯಿ ಮುಚ್ಚಿಕೊಂಡ. ಬೋಳುತಲೆಯವರು ಮುನಿಸಿಕೊಂಡರು, ಬಾಳೆಕಾಯಿ ಬರುವುದು ನಿಂತಿತು. ಯೊಕಾಸ್ತಾಳನ್ನು ಕೇಳಲು ಮಾತ್ರ ಧೈರ್ಯ ಸಾಲಲಿಲ್ಲ. ಅವಳು ಹೌದು ಎಂದರೆ ಇಷ್ಟು ದಿನವೂ ನೀರಿಗೆ ಬಿತ್ತು, ಮನೆಯೂ ಮುರಿಯಿತು. ಕೇಳದೆ ತೊಂಬತ್ತು ಮುಟ್ಟಿಸಿ ಕರೆದುಕೊಂಡು ಬರೋಣವೋ ಬೇಡವೋ ಎಂದು ಹದಿನೈದು ದಿನ ತನ್ನೊಳಗೇ ಜಗಳವಾಡಿದ. ಆ ಜಗಳದಲ್ಲಿ ಎರಡೂ ಕಡೆ ಅವನೇ ಸೋತು, ಒಂದು ಭಾನುವಾರ ಕೊನ್ಸುಯೆಲೊದ ಬಸ್ಸು ಹತ್ತಿದ.

ಯೊಕಾಸ್ತಾ ಅಕ್ಕನ ಮನೆಯ ಜಗಲಿಯಲ್ಲಿ ಹಸಿ ತೊಗರಿಕಾಯಿ ಬಿಡಿಸುತ್ತಿದ್ದಳು. ರಾದಾಮೆಸ್ ನಿಂತಲ್ಲೇ ಎಲ್ಲ ಹೇಳಿದ: ಚೀಟಿ ಮುಟ್ಟಿಲ್ಲ, ಆದರೆ ರೇಡಿಯೊ ಕೇಳಿದೆ, ಕೈ ಬೆವತಿತು, ಮತ್ತೆ ಒಂದರಿಂದ ಎಣಿಸು ಅಂದರೆ ಎಣಿಸುತ್ತೇನೆ. ಅವಳು ತಲೆಯೆತ್ತಲಿಲ್ಲ. ನಾಲ್ಕು ಕಾಯಿ ಬಿಡಿಸಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ನಿನ್ನ ಲೆಕ್ಕ ನಲವತ್ತಾದ ದಿನ ನಾನೂ ಹಾಕ್ದೆ."

"ಯಾವ್ದಕ್ಕೆ?"

"ನಲವತ್ತಕ್ಕೆ. ಅಕ್ಕ ಹಾಕ್ತಿದ್ಲು, ಅವಳ ಜೊತೆ ಹೋಗಿದ್ದೆ. ಬರ್ಲಿಲ್ಲ. ನಿನ್ಮೇಲೆ ಸಿಟ್ಟು ಬಂತು. ಮಾರ್ನೆ ದಿನ ನಲವತ್ತೊಂದಕ್ಕೆ ಹಾಕ್ದೆ. ನೀನು ಹೇಳೋದು ನಿಲ್ಸಿದ್ಮೇಲೂ ಬೆರಳೆಣಿಸ್ಕೊಂಡು ಹಾಕ್ತಿದೀನಿ." ಕೈಯಲ್ಲಿದ್ದ ಸಿಪ್ಪೆಯನ್ನು ತಿರುಗಿಸಿ ನೋಡಿದಳು. "ದಿನಾ, ನಾಳೆ ನಿಲ್ಸೋಣ ಅನ್ಕೋತೀನಿ."

ಈ ಕೊನೆಯ ಮಾತನ್ನು ರಾದಾಮೆಸ್ ಇಪ್ಪತ್ತು ವರ್ಷ ಅವಳಿಗೆ ಹೇಳಿದ್ದ, ಅದೇ ದನಿಯಲ್ಲಿ. ಈಗ ಅವನು ಬೈಯಬೇಕೋ, ಕ್ಷಮಿಸಬೇಕೋ, ತೊಂಬತ್ತು ದಿನ ಅಂತ ತಾನೂ ಬಸ್ಸಿನ ಮೆಟ್ಟಿಲೇರಿ ನಿಲ್ಲಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ತಾನೂ ಕಾಯಿ ಬಿಡಿಸಿದ. ಸಿಪ್ಪೆ ಬಟ್ಟಲಿಗೆ, ಕಾಳು ನೆಲಕ್ಕೆ ಹಾಕುತ್ತಿದ್ದ. ಅವಳು ಕಾಳನ್ನು ಹೆಕ್ಕಿ ಬಟ್ಟಲಿಗೆ ಹಾಕಿದಳು.

"ಗುರುವಾರ ಬರ್ತೀಯಾ?" ಎಂದ.

"ಇಲ್ಲಿಂದ ಆಗಲ್ಲ. ಈ ಮನೇಲಿದ್ರೆ ನಂಗೆ ನಿಲ್ಸೋಕಾಗಲ್ಲ. ಅಕ್ಕ ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡೇ ಸ್ನಾನ ಮಾಡ್ತಾಳೆ."

ಅವತ್ತೇ ಮಧ್ಯಾಹ್ನ ಗಂಟುಮೂಟೆ, ಮಗಳು, ನಾಯಿ ಎಲ್ಲ ಬಸ್ಸು ಹತ್ತಿದವು. ತೊಂಬತ್ತು ಆಗಿರಲಿಲ್ಲ, ಅದನ್ನು ಯಾರೂ ಎತ್ತಲಿಲ್ಲ. ಗುರುವಾರ ಚರ್ಚಿನ ಕೋಣೆಯಲ್ಲಿ ಒಂದು ಕುರ್ಚಿ ಹೆಚ್ಚಿಗೆ ಹಾಕಿದರು. ದೋನ್ಯಾ ಎರ್ಸೀಲಿಯಾ ಎದ್ದು, ಲೆಕ್ಕ ಹೊರಗೆ ಕೇಳದಿರಲೆಂದು ಕಿಟಕಿಗಳ ಚಿಲಕ ಹಾಕಿ ಬಂದಳು. ಯೊಕಾಸ್ತಾ ನಿಂತು, ಸೆರಗಿಲ್ಲದಿದ್ದರೂ ಏನನ್ನೋ ಎಳೆದುಕೊಂಡವಳಂತೆ ಭುಜ ಮುಟ್ಟಿಕೊಂಡು ಹೆಸರು ಹೇಳಿದಳು, ನಾಲ್ಕು ದಿನ ಎಂದಳು. ಆಮೇಲೆ ರಾದಾಮೆಸ್ ಎದ್ದ. ತನ್ನ ಹೆಸರನ್ನಷ್ಟೇ ಹೇಳಿ, ಅವಳ ಪಕ್ಕ ಕೂತ.