ಏಣಿಯ ಎರಡು ಸೀಟಿನ ಕಾರು

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಏಣಿ. ಆರಡಿ ಮೂರಂಗುಲದ ಆಳು. ಅಡುಗೆಮನೆಯ ಬಾಗಿಲಿಗೆ ಅವನ ಹಣೆ ತಗುಲಿ ತಗುಲಿ ಚೌಕಟ್ಟಿನ ಬಣ್ಣ ಒಂದು ಕಡೆ ಎದ್ದುಹೋಗಿದೆ. "ಬಾಗಿಲಿಗೇನೂ ಆಗಿಲ್ಲ ತಾನೆ?" ಎಂದು ಅತ್ತಿಗೆ ಪ್ರತಿ ಸಲವೂ ಕೇಳುತ್ತಾಳೆ.

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೋಹ ಕಡೆಯುವ ಲೇತ್ ಮುಂದೆ ನಿಂತವನು ಅವನು. ಅಂಗಿ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಅಳತೆಯ ವರ್ನಿಯರ್ ಇರುತ್ತದೆ. ಕೂದಲೆಳೆಯನ್ನು ನಾಲ್ಕು ಸೀಳಿ ಅದರಲ್ಲೊಂದನ್ನು ಅಳೆದು ತೋರಿಸುತ್ತೇನೆ ಎನ್ನುವ ಜಂಬ ಬೇರೆ. ಜಂಬ ಎನ್ನುವುದು ತಂಗಿಯಾದ ನನ್ನ ಮಾತು. ಕಾರ್ಖಾನೆಯವರು ಅದನ್ನು ನಿಜವೆಂದೇ ಹೇಳುತ್ತಾರೆ. ನಾನು ಅದೇ ಮನೆಯ ಮಹಡಿಯಲ್ಲಿದ್ದೇನೆ, ಕೆಳಗಿನ ಬೀದಿಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಅವನು ಬೆರಳು ಕುಯ್ದುಕೊಂಡಾಗಲೆಲ್ಲ ಪಟ್ಟಿ ಕಟ್ಟಿದವಳು ನಾನೇ ಆದ್ದರಿಂದ ಈ ಕಾರಿನ ಕತೆ ಹೇಳುವ ಹಕ್ಕು ನನಗಿದೆ.

ಕಾರು ಮನೆಗೆ ಬಂದದ್ದು ಎಂಟು ವರ್ಷದ ಹಿಂದೆ. ನಮ್ಮ ಬೀದಿಯ ಹಲ್ಲಿನ ಡಾಕ್ಟರರ ಕುರ್ಚಿ ಮೇಲೆ ಹೋದದ್ದು ಕೆಳಗೆ ಬರಲೊಲ್ಲದೆ, ಒಬ್ಬ ರೋಗಿ ಅರ್ಧ ಗಂಟೆ ಬಾಯಿ ತೆರೆದುಕೊಂಡು ಅಟ್ಟದ ಮೇಲಿದ್ದಂತೆ ಕೂತಿದ್ದನಂತೆ. ಅಣ್ಣ ಹೋಗಿ ಅದನ್ನು ಇಳಿಸಿ, ಸವೆದ ಭಾಗವನ್ನು ಹೊಸದಾಗಿ ಕಡೆದು ಕೊಟ್ಟ. ಡಾಕ್ಟರರು ಖುಷಿಯಾಗಿ, "ಹಿತ್ತಲಲ್ಲಿ ನಮ್ಮ ಮಾವನ ಕಾಲದ ಒಂದು ಕಾರಿದೆ, ಬೇಕಾದ್ರೆ ತಗೊಂಡ್ಹೋಗಿ" ಎಂದರು. ಬಂದದ್ದು ಕಾರಲ್ಲ. ಚಾಸಿ ಎನ್ನುವ ಅಡಿಯ ಚೌಕಟ್ಟು, ತಲೆಯಿಲ್ಲದ ಇಂಜಿನ್ನು, ಒಂದೇ ಬಾಗಿಲು, ಇಲಿ ಸಂಸಾರ ಹೂಡಿದ್ದ ಡಿಕ್ಕಿ. ತಲೆ ಮೇಲೆ ಛಾವಣಿಯಿಲ್ಲದ, ಮೂತಿ ಉದ್ದದ, ಎರಡೇ ಸೀಟಿನ ಓಟದ ಗಾಡಿ ಅದು, ಅಣ್ಣ ಹುಟ್ಟುವ ಮೊದಲಿನದು. ನಾನು ಮೂಗು ಮುಚ್ಚಿಕೊಂಡೆ. ಅಣ್ಣ ನೆಲಕ್ಕೆ ಕಾಲೂರದೆ ಅದರ ಸುತ್ತ ತಿರುಗುತ್ತಿದ್ದ.

ಯಾಕೆಂದು ಅತ್ತಿಗೆಗೂ ನನಗೂ ಗೊತ್ತಿತ್ತು. ಊರಾಚೆ ಒಂದು ರೇಸ್ ಟ್ರ್ಯಾಕಿದೆ. ವರ್ಷಕ್ಕೊಮ್ಮೆ ಅಲ್ಲಿ ಹವ್ಯಾಸಿಗಳ ದಿನ. ತಮ್ಮ ಹಳೆಯ ಗಾಡಿಯನ್ನು ತಾವೇ ಸಜ್ಜು ಮಾಡಿದವರು ಬಂದು, ಒಬ್ಬರಾದ ಮೇಲೆ ಒಬ್ಬರು ಗಡಿಯಾರದ ಎದುರು ಓಡಿಸುತ್ತಾರೆ. ಬೆಳಿಗ್ಗೆ ಐದು ಸುತ್ತು, ಮಧ್ಯಾಹ್ನ ಐದು ಸುತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಣ್ಣ ಯಾರದೋ ಕಾರಿಗೆ ಯಾವುದೋ ಭಾಗ ಕಡೆದು ಕೊಟ್ಟು, ಅದರ ಹಿಂದೆ ಹೋಗಿ, ದಿನವಿಡೀ ತಂತಿಬೇಲಿಯ ಹೊರಗೆ ನಿಂತು ನೋಡಿ ಬಂದಿದ್ದ. "ಒಂದೇ ಒಂದ್ಸಲ ಒಳಗಿಂದ ನೋಡ್ಬೇಕು" ಎಂದು ಅಂದು ಹೇಳಿದವನು ಆಮೇಲೆ ಆ ಮಾತೆತ್ತಿರಲಿಲ್ಲ. ಎತ್ತದಿದ್ದರೇನು, ಆಸೆ ಒಳಗೇ ಕೂತಿತ್ತು. ಅರವತ್ತು ದಾಟಿದವರನ್ನು ಅಲ್ಲಿ ಓಡಿಸಲು ಬಿಡುವುದಿಲ್ಲ. ಹಾಗಾಗಿ ಕಾರು ಮನೆಗೆ ಬಂದ ದಿನದಿಂದಲೇ ಅವನಿಗೆ ವರ್ಷ ಎಣಿಸುವ ಕೆಲಸ ಶುರುವಾಯಿತು.

ಮನೆಯ ಪಕ್ಕದ ತಗಡಿನ ಶೆಡ್ಡು ಕಾರಿನ ಪಾಲಾಯಿತು. ಇಂಜಿನ್ನಿನ ತಲೆಯನ್ನು ಬೇರೆ ಗಾಡಿಯದು ತಂದು, ಉಜ್ಜಿ, ಕೂರಿಸಿದ. ಅಲ್ಯೂಮಿನಿಯಂ ತಗಡನ್ನು ಮರಳು ಮೂಟೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಇನ್ನೊಂದು ಬಾಗಿಲು ಮಾಡಿದ. ಆ ಆರು ತಿಂಗಳು ನಾನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಭಾನುವಾರ ಕಳೆದೆ. ವಾರದ ದಿನ ಬೀದಿಯಲ್ಲೂ ಓಡಬೇಕು, ಟ್ರ್ಯಾಕಿನಲ್ಲೂ ಓಡಬೇಕು ಎನ್ನುವುದು ಅವನ ಹಟ. ಅದಕ್ಕೇ ದೀಪಗಳನ್ನೂ ಮುಂದಿನ ಗಾಜನ್ನೂ ನಾಲ್ಕು ಬೋಲ್ಟು ಬಿಚ್ಚಿ ತೆಗೆದಿಡುವ ಹಾಗೆ ಮಾಡಿದ. ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಜೋಡಿ ಕಾರ್ಬುರೇಟರ್‌ಗಳ ಉಸಿರನ್ನು ಒಂದೇ ಸಮ ಮಾಡಲು ರಬ್ಬರ್ ಕೊಳವೆಯ ಒಂದು ತುದಿ ಅದರ ಬಾಯಿಗೆ, ಇನ್ನೊಂದು ತುದಿ ತನ್ನ ಕಿವಿಗೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದ. ನನ್ನ ಅಂಗಡಿಗೆ ಬರುವವರು, "ನಿಮ್ಮಣ್ಣನೂ ಡಾಕ್ಟರಾ?" ಎಂದು ಕೇಳುತ್ತಿದ್ದರು.

ಕಾರಿನ ಅಡಿಯಲ್ಲಿ ಮಲಗಿದಾಗ ಮಾತ್ರ ಅವನಿಗೆ ಮೇಲೆ ಇನ್ನೊಬ್ಬರು ಬೇಕು. ಶೆಡ್ಡಿನಿಂದ ಕೂಗು ಬರುತ್ತಿತ್ತು.

"ಇವಳೇ, ಬಂದು ಸ್ವಲ್ಪ ಕೂತ್ಕೋ."

"ಎಷ್ಟೊತ್ತು ರೀ? ಒಲೆ ಮೇಲೆ ಹಾಲಿದೆ."

"ಎರಡೇ ನಿಮಿಷ."

ಅವನ ಎರಡು ನಿಮಿಷಕ್ಕೆ ಎಷ್ಟು ಸಲ ಹಾಲು ಉಕ್ಕಿತೋ ಲೆಕ್ಕವಿಟ್ಟವರಿಲ್ಲ. ಅತ್ತಿಗೆ ಸೀಟಿನ ಜಾಗದಲ್ಲಿಟ್ಟ ಮಣೆಯ ಮೇಲೆ ಕೂರುವಳು. ಬ್ರೇಕ್ ಒತ್ತು ಎಂದರೆ ಒತ್ತುವಳು, ಸ್ಟೀರಿಂಗ್ ಹಿಡಿ ಎಂದರೆ ಹಿಡಿಯುವಳು. ಅವನು ಕೆಳಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕುವನು. "ಕಾಲು ಆರಾಮಾಗಿ ಸಿಗುತ್ತಾ?" "ಸಿಗುತ್ತೆ." "ಗೇರು?" "ಸ್ವಲ್ಪ ನನ್ನ ಕಡೆ ಬಾಗಿಸಿ." ಬಾಗಿಸುವನು. ಅತ್ತಿಗೆ ಇದ್ದಾಳಲ್ಲ, ಐದಡಿಗೆ ಎರಡು ಬೆರಳು ಕಡಿಮೆ. ಇಪ್ಪತ್ತಾರು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಮಗುವೂ ತನ್ನ ವ್ಯಾನಿನಲ್ಲಿ ವಾಂತಿ ಮಾಡಿಲ್ಲ ಎನ್ನುವುದು ಅವಳ ಜಂಬ.

ಕಳೆದ ವರ್ಷ ಗಾಡಿ ಬೀದಿಗಿಳಿಯುವ ಹಾಗಾಯಿತು. ಅಣ್ಣ ಸೀಟಿನ ಜಾಗದಲ್ಲಿ ಗೋಣಿಚೀಲ ಮಡಿಸಿ ಹಾಕಿಕೊಂಡು ಬೀದಿಯಲ್ಲಿ ಓಡಿಸಿ ನೋಡಿದ. ಮಂಡಿ ಸ್ಟೀರಿಂಗಿಗೆ ತಾಗಿಕೊಂಡಿತ್ತು, ಮೊಣಕೈ ಬಾಗಿಲಿನ ಹೊರಗಿತ್ತು. "ಇದೇನೋ, ಮಗುವಿನ ತೊಟ್ಟಿಲಲ್ಲಿ ಅಜ್ಜ ಮಲಗಿದ ಹಾಗಿದೆ" ಎಂದೆ.

"ನಿನಗೇನು ಗೊತ್ತು? ಓಟದ ಗಾಡಿ ಅಂದ್ರೆ ಹೀಗೇ. ಮೈಗೆ ಹಿಡ್ಕೊಂಡಿರ್ಬೇಕು" ಎಂದ.

ಓಟದ ಗಾಡಿಯ ವಿಷಯ ನನಗೇನು ಗೊತ್ತು? ಅಂಗಡಿ ತೆರೆಯಲು ಹೋದೆ.

ಈ ವರ್ಷ ಅವನಿಗೆ ಐವತ್ತೊಂಬತ್ತು ತುಂಬಿ ಹತ್ತು ತಿಂಗಳು. ಇದು ತಪ್ಪಿದರೆ ಮತ್ತಿಲ್ಲ. ಹವ್ಯಾಸಿಗಳ ದಿನಕ್ಕೆ ಮೂರು ದಿನ ಇರುವಾಗ ಸೀಟು ಕೂರಿಸಿದ. ಸೀಟನ್ನು ಹಿಂದೆ ಮುಂದೆ ಸರಿಸುವ ಕಂಬಿಗಳನ್ನು ಭಾರ ಎಂದು ಬಿಟ್ಟು, ನಾಲ್ಕು ಕಾಲಿಟ್ಟು ನೇರವಾಗಿ ಚಾಸಿಗೇ ವೆಲ್ಡ್ ಮಾಡಿದ. ಸೀಟಿನ ಹಿಂದೆ ಬಾಗಿದ ಉಕ್ಕಿನ ಕೊಳವೆ ಮೊದಲೇ ನಿಂತಿತ್ತು. ಕಾರು ಮಗುಚಿದರೆ ಓಡಿಸುವವರ ತಲೆಗಿಂತ ಮೊದಲು ನೆಲಕ್ಕೆ ತಾಗಬೇಕಾದದ್ದು ಅದು. ಅದಕ್ಕೆ ರೋಲ್ ಬಾರ್ ಎನ್ನುತ್ತಾರೆ. ಸೀಟಿಗೆ ಹಾಕಿದ ಬಣ್ಣ ಒಣಗಬೇಕು, ಕೂರಬೇಡಿ ಎಂದು ಕಾರಿಗೆ ಬಟ್ಟೆ ಹೊದಿಸಿಟ್ಟ. ತಾನೂ ಕೂರಲಿಲ್ಲ.

ಆ ದಿನ ಬೆಳಿಗ್ಗೆ ಕಾರನ್ನು ಸಣ್ಣ ಲಾರಿಯ ಮೇಲೆ ಹೇರಿಕೊಂಡು ಹೋದೆವು. ಟ್ರ್ಯಾಕಿನ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಗಾಡಿಗಳು, ಪೆಟ್ರೋಲಿನ ವಾಸನೆ, ಯಾರೋ ಕೊಟ್ಟ ಕಾಗದದ ಲೋಟದ ಚಹಾ. ಬಿಳಿ ಟೋಪಿಯ ಪರೀಕ್ಷಕರು ಒಂದೊಂದೇ ಕಾರು ನೋಡುತ್ತ ಬಂದರು. ನಮ್ಮದರ ಬಳಿ ಬಹಳ ಹೊತ್ತು ನಿಂತರು. ಬ್ರೇಕಿನ ಕೊಳವೆ, ಬೆಲ್ಟು, ಇಂಧನದ ಟ್ಯಾಂಕು ಎಲ್ಲ ತಡವಿ ನೋಡಿ, "ವೆಲ್ಡಿಂಗ್ ಯಾರದ್ದು?" ಎಂದರು. ಅಣ್ಣ ತನ್ನದು ಎಂದ. "ಕಣ್ಣಿಗೆ ಒತ್ಕೋಬೇಕು ಅನ್ನೋ ಹಾಗಿದೆ" ಎಂದರು. ಅಣ್ಣನ ಕಿವಿ ಕೆಂಪಾಯಿತು.

"ಹೆಲ್ಮೆಟ್ ಹಾಕ್ಕೊಂಡು ಕೂತ್ಕೊಳ್ಳಿ. ಒಂದೇ ಪರೀಕ್ಷೆ ಬಾಕಿ."

ಅಣ್ಣ ಒಂದೊಂದೇ ಕಾಲು ಮಡಿಸಿ ಒಳಗಿಳಿದ. ಪರೀಕ್ಷಕರು ಮೂಲೆಯಿಂದ ಒಂದು ಪೊರಕೆ ಕೋಲು ತಂದರು. ಅದರ ಒಂದು ತುದಿ ರೋಲ್ ಬಾರಿನ ನೆತ್ತಿಯ ಮೇಲೆ, ಇನ್ನೊಂದು ತುದಿ ಕಾರಿನ ಮೂತಿಯ ಮೇಲೆ. ನಡುವೆ ಹೆಲ್ಮೆಟ್ಟು ಕೋಲಿಗಿಂತ ಕೆಳಗಿರಬೇಕು. ಕೋಲು ಹೆಲ್ಮೆಟ್ಟಿಗೆ ಟಣ್ಣೆಂದು ಬಡಿದು ನಿಂತಿತು. ನಾಲ್ಕು ಬೆರಳು ಹೆಚ್ಚು.

"ಬೆನ್ನು ಬಗ್ಗಿಸಿ."

ಬಗ್ಗಿಸಿದ. ಆಗ ಮಂಡಿ ಸ್ಟೀರಿಂಗಿಗೆ ಸಿಕ್ಕಿಕೊಂಡು ಚಕ್ರ ತಿರುಗದಾಯಿತು.

"ಯಜಮಾನ್ರೇ, ಇದನ್ನ ಯಾರ ಅಳತೆಗೆ ಕಟ್ಟಿದ್ರಿ?" ಪರೀಕ್ಷಕರ ದನಿಯಲ್ಲಿ ತಮಾಷೆ ಇರಲಿಲ್ಲ. "ಹೀಗೆ ಬಿಡಕ್ಕಾಗಲ್ಲ. ಸೀಟು ಇಳಿಸಿ ತಂದ್ರೆ ಮತ್ತೆ ನೋಡ್ತೀನಿ. ನಾನು ಸಂಜೆ ತನಕ ಇಲ್ಲೇ ಇರ್ತೀನಿ."

ಅಣ್ಣ ಹೆಲ್ಮೆಟ್ ತೆಗೆದು ಕಾರಿನಿಂದ ಇಳಿದ. ಕೂದಲೆಳೆ ಸೀಳುವವನು ಎಂಟು ವರ್ಷದಲ್ಲಿ ಒಮ್ಮೆಯೂ ತನ್ನ ಮೈಗೆ ಅಳತೆಪಟ್ಟಿ ಹಿಡಿದಿರಲಿಲ್ಲ. ನನಗೆ ಮೊದಲು ಸಿಟ್ಟು ಬಂತು, ಅವನ ಮುಖ ನೋಡಿದ ಮೇಲೆ ಆ ಸಿಟ್ಟೂ ಉಳಿಯಲಿಲ್ಲ. ಅತ್ತಿಗೆ ಮಾತ್ರ ಸೀದಾ ಲಾರಿಗೆ ಹೋಗಿ ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದು ಅವನ ಮುಂದಿಟ್ಟಳು.

"ಕತ್ತರಿಸಿ. ನಾಲ್ಕು ಕಾಲು ತಾನೆ? ಸೀಟನ್ನ ನೆಲಕ್ಕೇ ಬೋಲ್ಟ್ ಹಾಕಿ. ಪೆಡಲ್ಲೂ ಮುಂದೆ ಹಾಕಿ. ಮಧ್ಯಾಹ್ನದ ಸುತ್ತಾದ್ರೂ ಸಿಗುತ್ತೆ."

ಅಣ್ಣ ಗ್ರೈಂಡರ್ ಹಿಡಿದು ಕಾರಿನ ಪಕ್ಕ ನೆಲದ ಮೇಲೆ ಮಲಗಿದ. ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ನೋಡಬೇಕಿತ್ತು. ರೂಢಿ ಬಿಡುತ್ತದೆಯೇ?

"ಇವಳೇ, ಸ್ವಲ್ಪ ಕೂತ್ಕೋ."

ಅವಳು ಹತ್ತಿ ಕೂತಳು. ಅಣ್ಣ ಕೆಳಗಿನಿಂದ ನೋಡುತ್ತಲೇ ಇದ್ದ. ಗ್ರೈಂಡರ್ ಶುರುವಾಗಲಿಲ್ಲ. ನಾನು ಬಗ್ಗಿ ನೋಡಿದೆ. ಅತ್ತಿಗೆಯ ಪಾದ ಪೆಡಲಿನ ಮೇಲೆ ಅಂಗೈಯಿಟ್ಟಂತೆ ಕೂತಿತ್ತು. ಮಂಡಿಗೂ ಸ್ಟೀರಿಂಗಿಗೂ ಒಂದು ಗೇಣು. ಮೊಣಕೈ ಎಲ್ಲಿ ಮಡಿಯಬೇಕೋ ಅಲ್ಲೇ ಮಡಿದಿತ್ತು, ಗೇರಿನ ಗುಂಡು ತಾನಾಗಿ ಕೈಗೆ ಬಂದಿತ್ತು. ಆ ಗಾಡಿಯಲ್ಲಿ ಅವಳಿಗೆ ಹೊಂದದ ಒಂದೇ ಒಂದು ಮೊಳೆಯೂ ಇರಲಿಲ್ಲ.

ಅಣ್ಣ ಎದ್ದು ಗ್ರೈಂಡರನ್ನು ಪೆಟ್ಟಿಗೆಗೆ ಹಾಕಿದ. "ನೀನು ಓಡಿಸು" ಎಂದ.

"ಏನಂದ್ರಿ? ತಲೆಗಿಲೆ ಕೆಟ್ಟಿದೆಯಾ?"

"ಅರ್ಜಿಯಲ್ಲಿ ಎರಡನೇ ಚಾಲಕರು ಅಂತ ನಿನ್ನ ಹೆಸರೇ ಬರೆದಿದ್ದೀನಿ. ಖಾಲಿ ಬಿಡಬಾರ್ದು ಅಂದಿದ್ರು. ನಿನ್ನ ಲೈಸೆನ್ಸಿದೆ, ವ್ಯಾನಿಗೆ ಅಂತ ಡಾಕ್ಟರ ಕಾಗದಾನೂ ಇದೆ."

"ನಾನು ಮಕ್ಕಳನ್ನ ಶಾಲೆಗೆ ಬಿಡೋಳು ರೀ!"

"ಹಾಗೇ ಓಡಿಸು."

ಅವನ ಹೆಲ್ಮೆಟ್ಟು ಅವಳ ತಲೆಯಲ್ಲಿ ಗಿರಗಿರ ತಿರುಗಿತು. ಪಕ್ಕದ ಗಾಡಿಯ ಹೆಂಗಸೊಬ್ಬರು ತಮ್ಮದನ್ನು ಕೊಟ್ಟರು. ಪೊರಕೆ ಕೋಲು ಬಂತು, ಹೆಲ್ಮೆಟ್ಟಿನ ಮೇಲೆ ಮೂರು ಬೆರಳು ಜಾಗ ಬಿಟ್ಟು ಹಾದುಹೋಯಿತು. ಪರೀಕ್ಷಕರು ಕಾರಿಗೆ ಪಾಸಾದ ಚೀಟಿ ಅಂಟಿಸಿದರು.

ಮೊದಲ ಸುತ್ತನ್ನು ಅವಳು ನಿಜವಾಗಿಯೂ ಹಿಂದೆ ಹದಿನಾಲ್ಕು ಮಕ್ಕಳಿರುವ ಹಾಗೆಯೇ ಓಡಿಸಿದಳು. ಬೇಲಿಯ ಬಳಿ ನಿಂತ ಯಾರೋ ನಕ್ಕರು. ಎರಡನೆಯದರಲ್ಲಿ ನೇರ ದಾರಿಯಲ್ಲಿ ಇಂಜಿನ್ನಿನ ದನಿ ಏರಿತು. ಮೂರನೆಯದರಲ್ಲಿ ನಗುತ್ತಿದ್ದವರು ಸುಮ್ಮನಾದರು. ಬೇರೆಯವರ ಗಾಡಿ ತಿರುವಿನಲ್ಲಿ ಕಿರುಚಿ, ಜಾರಿ, ಮತ್ತೆ ಸರಿಯಾಗುತ್ತಿತ್ತು. ಇವಳದು ದೂರದಿಂದಲೇ ನಿಧಾನಕ್ಕೆ ಬಾಗಿ, ಒಂದೇ ಗೆರೆಯಲ್ಲಿ ಹೋಗಿ, ಹೊರಗೆ ಬರುವಾಗ ಅವರಿಗಿಂತ ಬೇಗ ಬರುತ್ತಿತ್ತು. "ಯಾರಪ್ಪಾ ಇದು, ಸ್ಟೀರಿಂಗನ್ನ ಒಂದು ಸಲಾನೂ ಜಗ್ಗಲ್ಲ!" ಎಂದರು ಪರೀಕ್ಷಕರು. "ವಾಂತಿ ಮಾಡಬಾರ್ದಲ್ಲ ಮಕ್ಕಳು" ಎಂದೆ ನಾನು. ಅವರಿಗೆ ಅರ್ಥವಾಗಲಿಲ್ಲ.

ಐದು ಸುತ್ತಾಗುವ ಹೊತ್ತಿಗೆ ಅವಳ ಸಮಯ ಇಪ್ಪತ್ತೆಂಟು ಗಾಡಿಗಳಲ್ಲಿ ಒಂಬತ್ತನೆಯದು. ಬಹುಮಾನವೇನೂ ಇಲ್ಲ. ಆದರೆ ಅವಳು ಹೆಲ್ಮೆಟ್ ತೆಗೆದಾಗ ಕಂಡ ಮುಖವನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಮಾತಾಡಲು ಹೋಗಿ ಬರೀ ನಗುತ್ತಿದ್ದಳು. ಮೂರನೇ ತಿರುವು ಹೇಗಿದೆ, ಬ್ರೇಕು ಎಡಕ್ಕೆ ಎಳೆಯುತ್ತದಾ, ಇಂಜಿನ್ನು ಎಷ್ಟು ವೇಗಕ್ಕೆ ನಡುಗುತ್ತದೆ ಎಂದು ಅಣ್ಣ ಒಂದೇ ಸಮನೆ ಕೇಳಿದ. ಅವಳು ಕೈಯಲ್ಲಿ ಗಾಳಿಯಲ್ಲೇ ತಿರುವು ಹಾಕಿ ತೋರಿಸಿದಳು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

ಆಮೇಲೆ ಅವಳ ನಗು ನಿಂತಿತು. ಮಧ್ಯಾಹ್ನದ ಸರದಿಗೆ ಇನ್ನೂ ಎರಡು ಗಂಟೆಯಿತ್ತು. ತಾನೇ ಹೋಗಿ ಪೆಟ್ಟಿಗೆಯಿಂದ ಗ್ರೈಂಡರ್ ತಂದಳು.

"ಈಗ ನಿಮ್ಮ ಸರದಿ ರೀ. ಎರಡು ಗಂಟೇಲಿ ಆಗುತ್ತೆ, ನಾನೂ ಕೈ ಜೋಡಿಸ್ತೀನಿ. ಮುಂದಿನ ವರ್ಷ ನಿಮ್ಮನ್ನ ಬಿಡಲ್ಲ."

"ಗೊತ್ತು" ಎಂದ ಅಣ್ಣ.

"ಮೂವತ್ತೇಳು ವರ್ಷದಿಂದ ಕಾಯ್ತಿದ್ದೀರಿ."

"ಗೊತ್ತು ಕಣೇ."

"ಮತ್ತೆ ಕತ್ತರಿಸಿ."

ಅಣ್ಣ ಅವಳ ಕೈಯಿಂದ ಗ್ರೈಂಡರ್ ತೆಗೆದುಕೊಂಡು ಕೆಳಗಿಟ್ಟ. ಕಾರಿನ ಒಳಗೆ ಬಗ್ಗಿ, ಸೀಟಿನ ಬೆನ್ನನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ.

"ಬೇಡ," ಎಂದ. "ನಿನ್ನ ಅಳತೆ ಕೆಡುತ್ತೆ."